ಚಿಟಿಕೆ ಉಪ್ಪು

ಮಂಡಿಪೇಟೆಯ ಹಿಂದಿನ ಓಣಿಯಲ್ಲಿ
ನಮ್ಮದೂ ಒಂದು ಕಿತ್ತಳೆ ಇತ್ತು,
ಗಿಡವಿಲ್ಲದ್ದು.
ಹನ್ನೆರಡು ವರ್ಷ ಅಲ್ಲಿ ಬಾಟಲಿ ತೊಳೆದೆ,
ಒಂದು ಹಣ್ಣೂ ಆ ಹೊಸ್ತಿಲು ದಾಟಿದ್ದು ಕಾಣೆ.
ಬಂದದ್ದು ಸಕ್ಕರೆ ಮೂಟೆ, ಗ್ಯಾಸಿನ ಸಿಲಿಂಡರು,
ಮುಂಬಯಿಯಿಂದ ಹತ್ತಿಯಲ್ಲಿ ಸುತ್ತಿಟ್ಟ ಎಸೆನ್ಸಿನ ಸೀಸೆ.
ಹಸಿಗೂಸಿನ ಹಾಗೆ ಅದನ್ನೆತ್ತಿಕೊಳ್ಳುತ್ತಿದ್ದ
ಬುಡೇನ್ ಸಾಬ್.

ಅವನ ಬೆರಳು ಸದಾ ಕೇಸರಿ.
ಬುತ್ತಿ ಬಿಚ್ಚಿದರೆ ಅನ್ನಕ್ಕೂ ಬಣ್ಣ.
‘ಹಣ್ಣು ಎಲ್ಲೈತಿ ಸಾಬ್ರೆ ಇದ್ರಾಗ?’ ಅಂದರೆ
‘ಕುಡಿಯೋರ ನಾಲಿಗಿ ಮ್ಯಾಲೈತಿ ಹಾಲಮ್ಮವ್ವ,
ನಾವು ಬರೇ ನೆಪ್ಪು ಮಾಡಿಕೊಡೋದು.’
ಆಮೇಲೆ ಯಾರೂ ನೋಡದಂತೆ
ಪಾಕಕ್ಕೆ ಚಿಟಿಕೆ ಉಪ್ಪು.
‘ಮಿರ್ಚಿ ತಿಂದ ಬಾಯಿಗೆ ಬರೇ ಸಿಹಿ ಕೊಟ್ರೆ
ಉರಿ ಹೆಚ್ಚಾಕ್ಕತಿ.’

ಮಿಲ್ಲಿನ ಎರಡನೇ ಪಾಳಿ ಬಿಟ್ಟಾಗ
ತಲೆಗೂದಲಲ್ಲಿ ಹತ್ತಿ ಮೆತ್ತಿಕೊಂಡವರು
ಸಾಲಾಗಿ ನಿಂತು ಕುಡಿದು, ತೇಗಿ,
ಖಾಲಿ ಬಾಟಲಿ ನನ್ನ ತೊಟ್ಟಿಗೆ ಹಾಕಿ ಹೋಗುವರು.
ಗಾಜಿನ ಮೇಲೆ ಉಬ್ಬಿದ ಅಕ್ಷರ, ‘ಕೊಟ್ರೇಶ ಆರೆಂಜ್’.
ನಾನು ಓದಿದವಳಲ್ಲ.
‘ಕೊ’ ಅನ್ನೋದು ಹೆಬ್ಬೆರಳಿಗೆ ಗೊತ್ತಿತ್ತು.

ಆಮೇಲೆ ಒರಿಟಾ ಬಂತು.

ಮೊದಲು ಬಂದದ್ದು ಅದರ ಮನುಷ್ಯ,
ಬೆವರೊರೆಸಿಕೊಳ್ಳುತ್ತ, ನಗುನಗುತ್ತ.
ಸಾಹುಕಾರರ ಮೇಜಿನ ಮೇಲೆ ಭೂಪಟ ಹಾಸಿದ.
ಎಪ್ಪತ್ತು ದೇಶದ ಮೇಲೆ ಎಪ್ಪತ್ತು ಕಿತ್ತಳೆ ಚುಕ್ಕೆ.
ಯಾವುದೋ ಬಂದರಿನಲ್ಲಿ, ಯಾವುದೋ ಬರಗಾಲದಲ್ಲಿ,
ಎಸೆದ ಸಿಪ್ಪೆ ಕುದಿಸಿ ಹುಟ್ಟಿದ್ದಂತೆ ಅವರ ಪಾನಕ.
ಈಗ ಒಂದು ದೇಶದಲ್ಲಿ ಹಳದಿ, ಒಂದರಲ್ಲಿ ಕೆಂಪು,
ಒಂದು ಕಡೆ ದ್ರಾಕ್ಷಿ, ಇನ್ನೊಂದು ಕಡೆ
ಹೆಸರೇ ತಿರುಗದ ಹಣ್ಣು.
ಹೆಸರು ಮಾತ್ರ ಎಲ್ಲಾ ಕಡೆ ಒಂದೇ.
‘ನಿಮ್ಮ ಊರಿನ ನಾಲಿಗೆಗೆ ಏನು ಬೇಕು?’ ಎಂದು ಕೇಳಿದ.
ಬುಡೇನ್ ಸಾಬ್ ಮೇಲೆ ನೋಡಿದ, ಕೆಳಗೆ ನೋಡಿದ.
ಉಪ್ಪಿನ ಮಾತು ಹೇಳಲಿಲ್ಲ.

ಒರಿಟಾ ಕುಡಿದು ಯಾರೂ ನಮ್ಮದನ್ನು ಬಿಡಲಿಲ್ಲ,
ಈ ಮಾತು ಬರೆದಿಡಬೇಕು ಯಾರಾದರೂ.
ಸೋತದ್ದು ರುಚಿಯಲ್ಲಲ್ಲ, ಗಾಜಿನಲ್ಲಿ.
ಆ ಬೇಸಿಗೆ ಓಣಿಓಣಿಗೆ ತಳ್ಳುಗಾಡಿ:
ಕೊಟ್ರೇಶ ಬಾಟಲಿಗೆ ಎರಡು ರೂಪಾಯಿ! ಖಾಲಿ ಇದ್ದರೆ ಸಾಕು!
ನಮ್ಮಲ್ಲಿ ವಾಪಸ್ ಕೊಟ್ಟರೆ ಎಂಟಾಣೆ.
ಸೀಮೆಎಣ್ಣೆ ತುಂಬಿದ್ದು, ಶೇಂಗಾ ಎಣ್ಣೆ ತುಂಬಿದ್ದು,
ಕೂಸಿಗೆ ಗ್ರೈಪ್ ವಾಟರ್ ಕಲಸಿಟ್ಟದ್ದು,
ಎಲ್ಲ ಬರಿದಾಗಿ ಬಂದವು.
ನಾನೂ ಹನ್ನೊಂದು ಕೊಟ್ಟೆ.
ಮಗಳಿಗೆ ಪಟ್ಟಿ ಚಪ್ಪಲಿ ಬಂತು.

ಜೂನಿನಲ್ಲಿ ಪಾಕ ಕುದಿಯುತ್ತಿದೆ, ತುಂಬಲು ಬಾಟಲಿ ಇಲ್ಲ.
ಸಾಹುಕಾರರು ಖಾಲಿ ಕ್ರೇಟು ಎಣಿಸಿದರು,
ಮತ್ತೊಮ್ಮೆ ಎಣಿಸಿದರು.
ಬುಡೇನ್ ಸಾಬ್ ಒಲೆಗೆ ನೀರು ಹಾಕಿದ.
ಆ ಚುಸ್ ಎಂಬ ಸದ್ದು,
ಮುಚ್ಚಳ ತೆಗೆದ ಹಾಗೇ ಇತ್ತು.

ಈಗ ನಾನು ಮಂಡಕ್ಕಿ ಭಟ್ಟಿಯಲ್ಲಿ ಚೀಲ ಹೊಲಿಯುತ್ತೇನೆ.
ಸಾಬ್ ಮಣ್ಣಾಗಿ ಆರು ವರ್ಷ; ಬೆರಳಿನ ಬಣ್ಣ
ಹೋಗಿತ್ತಂತೆ ಕೊನೆಗೆ, ಅವನ ಸೊಸೆ ಹೇಳಿದಳು.
ಒರಿಟಾ ಏಜೆಂಟರ ಗೋದಾಮು ಬೈಪಾಸ್ ದಾರಿಯಲ್ಲಿದೆ.
ಕಾಂಪೌಂಡಿನ ನೆತ್ತಿಗೆ ಸಿಮೆಂಟಿನಲ್ಲಿ ಚುಚ್ಚಿದ್ದಾರೆ
ಕಳ್ಳರು ಹತ್ತದಂತೆ
ಒಡೆದ ಗಾಜು.
ಸಂಜೆ ಬಿಸಿಲಿಗೆ ಅದು ಏನು ಹೊಳೆಯುತ್ತದೆ, ನಮ್ಮವ್ವ!
ಮೊನ್ನೆ ಕೈ ಚಾಚಿ ಒಂದನ್ನು ಮುಟ್ಟಿದೆ, ಮೆಲ್ಲಗೆ.
ಹೆಬ್ಬೆರಳು ಹೇಳಿತು: ‘ಕೊ’.

ಬರುವಾಗ ಗಾಡಿಯಲ್ಲಿ ಮಿರ್ಚಿ ತಿಂದೆ.
ಹುಡುಗ ಪ್ಲಾಸ್ಟಿಕ್ಕಿನ ಒರಿಟಾ ಕೊಟ್ಟ.
ತಣ್ಣಗಿತ್ತು, ಚೆನ್ನಾಗೇ ಇತ್ತು, ಸುಳ್ಳಾಡಬಾರದು.
ಆದರೂ ಪೊಟ್ಟಣದಿಂದ ಚಿಟಿಕೆ ಉಪ್ಪು ತೆಗೆದು
ಬಾಯೊಳಕ್ಕೆ ಉದುರಿಸಿದೆ, ಬಾಟಲಿಯ ಬಾಯೊಳಕ್ಕೆ.

ಸರ್ ಎಂದು ಎದ್ದಿತು ನೊರೆ.
ಕೈಮೇಲೆ, ಸೀರೆಮೇಲೆ, ಬಂಡಿಯ ಪೇಪರಿನ ಮೇಲೆ.
‘ಏನ್ ಮಾಡಿದಿ ಅಜ್ಜಿ!’ ಅಂತ ಹುಡುಗ ಬಟ್ಟೆ ತಂದ.

ತಡಿ ತಮ್ಮಾ, ಒರೆಸಬ್ಯಾಡ.
ಬೆರಳು ನೋಡು.