ಒಂಬತ್ತನೇ ಕಲಮು

ಕೋಣೆಯ ಒಳಚಿಲಕ ಕಿತ್ತು ಹಾಕಿದ್ದಾರೆ.
ತಿರುಪು ಇದ್ದ ನಾಲ್ಕು ತೂತು ಮಾತ್ರ ಉಳಿದಿವೆ.
'ನೀವೇ ಒಪ್ಪಿದ್ದೀರಲ್ಲ ಜುಲೇಖಾಬಿ,
ಕರಾರಿನ ಒಂಬತ್ತನೇ ಕಲಮು'
ಮ್ಯಾನೇಜರು ಹಾಳೆ ತಿರುಗಿಸಿದ.

ಅಲ್ಲಿತ್ತು ನೀಲಿ ಹೆಬ್ಬೆಟ್ಟು:
ಗೆರೆಗೆರೆ, ಸುಳಿಸುಳಿ,
ಈಗಷ್ಟೇ ಉತ್ತ ರಾಗಿ ಹೊಲದ ಹಾಗೆ.

ಓದು ಬಾರದ ಆಕೆ ಅದನ್ನು ಓದಿದಳು,
ಬಹಳ ಹೊತ್ತು.

ನಲವತ್ತು ವರ್ಷ ಶಿಡ್ಲಘಟ್ಟದ ಬಿಸಿ ಬಾಣಲೆಯಲ್ಲಿ
ಗೂಡು ತಡವಿ ಎಳೆಯ ತುದಿ ಹುಡುಕಿದ ಬೆರಳು.
ರೇಷನ್ ಅಂಗಡಿಯ ಯಂತ್ರ ಪ್ರತಿ ತಿಂಗಳೂ
'ಯಾರು ನೀನು?' ಅಂತ ವಾಪಸು ಕಳಿಸಿದ ಬೆರಳು.

ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆದು ಬದುಕಿದ,
ಈಗ ಪಕ್ಕದ ಕೋಣೆಯ ನನ್ನನ್ನು ಕರೆದಳು.
'ಬರಿಯಪ್ಪ' ಅಂದಳು.
'ಮಾನ್ಯರೇ' ಅಂತ ಶುರು ಮಾಡಿದೆ.
'ಅದಿರಲಿ. ಮೊದಲು ಚಿಲಕ ಅಂತ ಬರಿ.
ಬಟ್ಟೆ ಬದಲಿಸೋವಾಗ, ನಮಾಜಿಗೆ ನಿಂತಾಗ,
ಏನೂ ಇಲ್ಲದಾಗಲೂ ಸುಮ್ಮನೆ
ನಾನೇ ಹಾಕಿಕೊಳ್ಳೋ ಚಿಲಕ.'

ಬರೆದೆ. ಇಂಕ್ ಪ್ಯಾಡು ಮುಂದಿಟ್ಟೆ.
ಒತ್ತಿದಳು.

ನುಣ್ಣನೆಯ ನೀಲಿ ಮಚ್ಚೆ,
ಒಂದು ಗೆರೆಯೂ ಇಲ್ಲ.

'ಇದು ನಂದು' ಅಂದಳು.
'ಅದು ಯಾರದ್ದು ಅಂತ ಕೇಳು.'