ತೋಳೊಳಗಿನ ತೋಳು

ರಾತ್ರಿ ಎರಡೂವರೆ, ಹುಬ್ಬಳ್ಳಿ.
ಲಕ್ಷ್ಮೇಶ್ವರದಿಂದ ಟಾಟಾ ಏಸ್‌ನಾಗ ಬಂದಾರ,
ಚಾದರಕ್ಕ ಇನ್ನೂ ಉಳ್ಳಾಗಡ್ಡಿ ಸಿಪ್ಪಿ.
ಒಂಬತ್ತು ತಿಂಗಳ ಕೂಸು. ಮೊಣಕಾಲು ಮಡಚಿ ಚೀರತದ,
ಆಮ್ಯಾಲ ಏನೂ ಆಗಿಲ್ಲದಂಗ
ನನ್ನ ಕೊರಳಪಟ್ಟಿ ಹಿಡಿದು ನಗತದ.
ಆ ನಗೀಗೆ ಮೋಸ ಹೋಗಬಾರದು.

"ದೃಷ್ಟಿ ಅಂದ್ರು, ಹಲ್ಲು ಬರಾಕತ್ತಾವ ಅಂದ್ರು."
ಹಜರತಬಿ ಕೈಚೀಲದಿಂದ ಲಂಗೋಟಿ ತಗದು ಬಿಚ್ಚಿದಳು:
ನೇರಳೆಹಣ್ಣು ಹಿಚುಕಿದಂಥ ಕಲೆ.

ಜೆಲ್ ತಣ್ಣಗಿತ್ತು, ಅಂಗೈಯಾಗ ತಿಕ್ಕಿ ಬೆಚ್ಚಗ ಮಾಡಿದೆ.
ಹೊಕ್ಕಳದ ಬಲಕ್ಕ
ಬೂದು ಕತ್ತಲಾಗ ಒಂದು ಬಳಿ,
ಬಳಿಯೊಳಗ ಬಳಿ.

ದಾವಲಸಾಬ ಟೇಲರ್, ಅವಂಗ ಹೇಳೂದು ಸುಲಭ ಆತು.
"ಅಂಗಿ ಕಳಿಯೂ ಮುಂದ ತೋಳು ಒಳಗ ಹೊಕ್ಕತದಲ್ಲ,
ಹಂಗ, ಕರುಳೊಳಗ ಕರುಳು."
"ಕತ್ತರಿ ಹಾಕಬೇಕೇನ್ರಿ?"
"ಮೊದಲು ನೀರಿಲೆ ತಳ್ಳಿ ನೋಡೂಣು."

ಉಪ್ಪುನೀರು ಕೆಳಗಿಂದ ಏರಿತು.
ಬಳಿ ಹಿಂದ ಸರೀತು. ನಿಂತಿತು.
ನನ್ನ ಉಸಿರೂ.
ಮತ್ತ ಸರೀತು.

ಈಗ ಪರದೆ ಮ್ಯಾಲ ಬರೇ ಹೊಟ್ಟಿ,
ಎಲ್ಲಾರ ಹೊಟ್ಟಿ ಹಂಗ.
ಇವತ್ತೊಂದಿನ ಇಲ್ಲೇ ಇರ್ರಿ, ಅಂದೆ,
ಒಮ್ಮೊಮ್ಮೆ ತಿರುಗಿ ಹೊಕ್ಕತದ.

ಹೊರಗ ಬೆಂಚಿನ ಮ್ಯಾಲ ದಾವಲಸಾಬ
ತನ್ನ ಎಡತೋಳಿನ ಬಟ್ಟಿ
ಒಳಗ ತಳ್ಳತಾನ,
ಹೊರಗ ಎಳಿತಾನ.