ರೋಜಾ ತಿಂಗಳ ಬ್ಯಾಳಿ

ಶಹಾಬಾದದಾಗ ನೆಲಾನೂ ಫರಸಿ, ಮಾಳಗೀನೂ ಫರಸಿ,
ನಮಗೂ ಖುತೇಜಾಗೂ ನಡುವ ನಿಂತದ್ದೂ ಫರಸಿನ.
ಸಾಲಾಗಿ ನೆಟ್ಟ ಹನ್ನೊಂದು ಕಲ್ಲು.
ಅದರಾಗ ಏಳನೇದು ಮೂಲಿ ಮುರದದ್ದು,
ಒಂದು ಬಟ್ಟಲ ದಾಟುವಷ್ಟು.

ದೀಪಾವಳಿ ಮುಂದ ಜ್ವರ ಬಂದು ಹೋತು.
ಹೋಗುವಾಗ ನನ್ನ ನಾಲಿಗಿ ರುಚಿ ಒಯ್ತು,
ಬಾಡಿಗಿ ಮನಿ ಬಿಡುವವರು ಬಲ್ಬು ಬಿಚ್ಕೊಂಡು ಹೋದಂಗ.
ಖಾರ ಸುಡತದ, ಅದು ಗೊತ್ತಾಗತದ.
ಪುಂಡಿ ಹುಳಿಗಿ ಹಲ್ಲು ಜುಂ ಅಂತಾವ, ಅದೂ ಗೊತ್ತು.
ಉಪ್ಪು ಮಾತ್ರ ಇಲ್ಲ.
ಡಾಕ್ಟರ್ ಅಂದ್ರು: ಬರತದ, ತಡೀರಿ, ಬರತದ.

ಮನ್ಯಾಗ ಹೇಳಲಿಲ್ಲ.
ಇಪ್ಪತ್ತೊಂದು ವರ್ಷ ಈ ಒಲಿ ಮುಂದ ನನಗಿದ್ದ ನೌಕರಿ ಒಂದ:
ಸೌಟು ಎತ್ತಿ ಅಂಗೈ ಮ್ಯಾಲ ಒಂದು ಹನಿ,
ಚಪ್ಪರಿಸಿ, ಹೂಂ ಅನ್ನೋದು.
ಅದೂ ಹೋತಂದ್ರ ರೊಟ್ಟಿ ಬಡಿಯೋ ಎರಡು ಕೈ ಉಳೀತಾವ, ಅಷ್ಟ.
ನಮ್ಮತ್ತಿ ಗುರುಬಾಯಿ ಅಂದ್ರ
ತೊಗರಿಬ್ಯಾಳಿ ಬಾಯಾಗಿಟ್ಟು ಯಾರ ಹೊಲದ್ದಂತ ಹೇಳಾಕಿ.
ಅಕಿ ಮುಂದ ಹ್ಯಾಂಗ ಬಾಯಿ ಬಿಡಲಿ?

ಖುತೇಜಾಗೂ ಹೇಳಿದ್ದಲ್ಲ, ಸಿಕ್ಕಬಿದ್ದೆ.
ಕೊಟ್ಟ ಪಲ್ಯ ತಿಂದು, ಕಲ್ಲಿನ ಮೂಲ್ಯಾಗ ಮುಖ ಇಟ್ಟು ಕೇಳಿದಳು:
"ಅಕ್ಕಾ, ಉಪ್ಪಿನ ಡಬ್ಬಿ ಬಿದ್ದಿತ್ತೋ, ನೀನ ಬಿದ್ದಿದ್ದೋ?"
ಅವತ್ತ ಮನ್ಯಾಗ ಎಲ್ಲಾರೂ ಎರಡೆರಡು ತಂಬಿಗಿ ಮಜ್ಜಿಗಿ ಕುಡದಿದ್ರು,
ನಾ ಬಿಸಲಿಗಿ ಅನ್ಕೊಂಡಿದ್ದೆ.
ನಕ್ಕೆ. ಆಮ್ಯಾಗ ಸೆರಗು ಬಾಯಿಗಿ ಹೋತು.

ಮರುದಿನದಿಂದ ಹನ್ನೊಂದಕ್ಕ ಬಟ್ಟಲ ಆ ಕಡಿಗಿ.
ಬೆರಳು ಅದ್ದಿ, ಕಣ್ಣು ಮುಚ್ಚಿ ಹೇಳಾಕಿ:
"ಅರ್ಧ ಚಿಟಿಕಿ."
"ಬಸ್."
"ಇದಕ್ಕ ಬೆಲ್ಲ ಬೇಕು, ನಿಮ್ಮತ್ತಿ ಕೈದಂಗ ಆಗಬೇಕಂದ್ರ."
ನಮ್ಮ ಮನಿ ಬ್ಯಾಳಿ ರುಚಿ ನನಗಿಂತ ಅಕಿಗಿ ನೆನಪದ.
ತನ್ನ ಖಟ್ಟಾಕ್ಕ ಬ್ಯಾರೆ ಹುಳಿ, ನಮ್ಮದಕ್ಕ ಬ್ಯಾರೆ,
ಒಂದ ನಾಲಿಗ್ಯಾಗ ಎರಡು ಅಡಗಿಮನಿ ಇಟ್ಟಾಳ.

ಮಿಲ್ಲಿನ ಧೂಳು ಕಿವಿಯಾಗಿಟ್ಕೊಂಡು ನಮ್ಮವರು ಊಟಕ್ಕ ಕೂತು
"ಬರೋಬ್ಬರಿ ಆಗ್ಯಾದ" ಅಂತಾರ.
ನಾ ಸುಮ್ಮನ ನೀಡತೀನಿ,
ಮತ್ತೊಬ್ಬರ ಸೀರಿ ಉಟ್ಟು ಹೊಗಳಿಸಿಕೊಂಡಂಗ.

ರಮಜಾನ್ ಚಂದ್ರ ಕಂಡ ಮರುದಿನ
ನಸುಕಿನಾಗ ಆ ಕಡಿ ತವಾ ಸದ್ದು.
ಈ ಕಡಿ ನಾ ಕಣ್ಣು ಬಿಟ್ಕೊಂಡು ಲೆಕ್ಕ ಹಾಕಿದೆ:
ಮೂವತ್ತು ದಿನ, ಮೂವತ್ತು ಬ್ಯಾಳಿ.
ಹನ್ನೊಂದಾತು. ಬಟ್ಟಲ ತೊಳದು ಡಬ್ಬ ಹಾಕಿಟ್ಟೆ.
ಹನಿ ನೀರು ಮುಟ್ಟದ ಬಾಯಿಗಿ ಸಾರು ತೋರಸೋದು ಪಾಪ.

ಅಕಿನ ಕೂಗಿದಳು. "ಎಲ್ಲದ ನಿನ್ನ ಬ್ಯಾಳಿ?"
"ರೋಜಾ ಅಲ್ಲೇನ ನಿಂದು?"
"ಬಾಯಿಗದ ರೋಜಾ, ಮೂಗಿಗೇನದ? ತಾ."
ಬಟ್ಟಲ ಮ್ಯಾಲ ಬಾಗಿ ಉಸಿರೆಳದಳು,
ಅಲ್ಲಾಡಿಸಿ ನೋಡಿದಳು, ಕಿವೀನೂ ಹಚ್ಚಿದಳೇನೋ.
"ಒಂದು ಚಿಟಿಕಿ ಹಾಕು."
ಹಾಕಿದೆ.
ಉಪ್ಪಿಗಿ ವಾಸನಿ ಇಲ್ಲಂತ ಇಬ್ಬರಿಗೂ ಗೊತ್ತು.

ಮಧ್ಯಾಹ್ನ ಅತ್ತಿಗಿ ಮೊದಲ ನೀಡಿದೆ.
ರೊಟ್ಟಿ ಮುರದು, ಅದ್ದಿ, ಬಲಗಡಿ ಹಲ್ಲಿಂದ ನಿಧಾನ ನುರಿಸಿದಳು.
ಎಡಗಡಿ ಇಲ್ಲ ಅಕಿಗಿ.
ನಾ ಒಲಿ ಒರಸೋ ನೆವ ಮಾಡಿ ನಿಂತಿದ್ದೆ.

"ಉಪ್ಪು ನಾಕು ಹರಳು ಮುಂದ ಹೋಗ್ಯಾದ. ಇರಲಿ.
ಪಾಪ, ಅಕಿ ರೋಜಾ ಹಿಡದಾಳ, ಹ್ಯಾಂಗ ನೋಡಬೇಕು?"

ಕೈಯಾಗಿನ ಅರಿವಿ ಕೈಯಾಗ ಉಳೀತು.
ಮುದುಕಿ ಮತ್ತೊಂದು ತುತ್ತು ಮುರದು, ತಲಿ ಎತ್ತದ ಅಂದಳು:
"ನಾಳಿಂದ ನನಗ ತೋರಸು. ಈದ್ ತನಕ ಅಷ್ಟ.
ಆಮ್ಯಾಗ ಅಕಿದು ಅಕಿಗಿ ಬಿಡು, ನಿಮ್ಮ ನಡುವ ನಾ ಬರಲ್ಲ.
ಇನ್ನೊಂದು ರೊಟ್ಟಿ ಹಾಕು ಈಗ. ಬಿಸೀದು."